ಹೊಸ ದಾದಿಯ ಉಮೇದುವಾರಿ

ವಿದ್ಯಾಭ್ಯಾಸವನ್ನು ಮುಗಿಸಿದ ದಿನವೇ ಮನುಷ್ಯನು ಆ ವಿದ್ಯೆಯಲ್ಲಿ ಸಮರ್ಥನಾದನೆಂದು ಭಾವಿಸುವುದು ಲೋಕದಲ್ಲಿ ಬಹುಕಾಲದಿಂದ ಬೇರೂರಿರುವ ಭ್ರಾಂತಿಗಳಲ್ಲೊಂದು. ಹತ್ತು ಹನ್ನೆರಡು ವರ್ಷ ಪಾಠಶಾಲೆಯ ಜಗಲಿಯಲ್ಲಿ ಕುಳಿತು ಪ್ರಯೋಗಭಾಗವನ್ನೆಲ್ಲ ಕಂಠಸ್ಥ ಮಾಡಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಶಾಲು ಹೊದೆದು ಬಂದ ವಿದ್ಯಾರ್ಥಿಯು ಮೊದಲನೆಯ ಸಲ ತಾನೊಬ್ಬನೇ ಮದುವೆ ಮಾಡಿಸಲು ಕುಳಿತಾಗ ಅವನಿಗೊದಗುವ ಅವಸ್ಥೆಯನ್ನು ಕಾಣದವರಾರು? ಮಂತ್ರವು ನಾಲಗೆಯ ಮೇಲಿದೆ. ಕೈ ಮಾತ್ರ ದರ್ಭೆಯನ್ನು ಹುಡುಕುತ್ತಿದೆ. ಬೀಗರು ಗಡಿಯಾರವನ್ನು ನೋಡುತ್ತಿದ್ದಾರೆ. ವಾಲಗದವರು ಇವನ ಸನ್ನೆಗಾಗಿ ಕಾದಿದ್ದಾರೆ. ಆಗ ಕಂಬಕ್ಕೊರಗಿ ಕುಳಿತ ಯಾವನಾದರೊಬ್ಬ ವೃದ್ಧ ಪುರೋಹಿತನು ಮೆಲ್ಲನೆ ಕೆಮ್ಮಿ, ಎಡಗಡೆಯ ತಟ್ಟೆಯನ್ನು ಕಣ್ಣಿನಿಂದಲೇ ತೋರಿಸುವನು. ಕಾರ್ಯವು ಸಾಂಗವಾಗಿ ಮುಂದುವರಿಯುವುದು. ಆ ಒಂದು ಕೆಮ್ಮಿನಲ್ಲಿರುವ ಉಪದೇಶವು ಯಾವ ಗ್ರಂಥದಲ್ಲಿಯೂ ಬರೆದಿರುವುದಿಲ್ಲ.

ಪೌರೋಹಿತ್ಯದಲ್ಲಿ ಮಂತ್ರಲೋಪ ಕ್ರಿಯಾಲೋಪಗಳಾದರೆ ಅದಕ್ಕೆ ಪ್ರಾಯಶ್ಚಿತ್ತಾಹುತಿಯುಂಟು. ರೋಗಿಯ ಮಂಚದ ಪಕ್ಕದಲ್ಲಿ ಲೋಪವಾದರೆ ಯಾವ ಆಹುತಿಯಿಂದಲೂ ಅದನ್ನು ಸರಿಪಡಿಸಲಾಗದು. ಆದುದರಿಂದಲೇ ಇರಬೇಕು, ಚರಕಸಂಹಿತೆಯು ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳುವಲ್ಲಿ ವೈದ್ಯ, ಔಷಧ, ರೋಗಿಗಳ ಸಾಲಿನಲ್ಲಿಯೇ ಪರಿಚಾರಕನನ್ನೂ ಸೇರಿಸಿತು; ಅವನಲ್ಲಿ ನಾಲ್ಕು ಗುಣಗಳಿರಬೇಕೆಂದೂ ವಿಧಿಸಿತು. ಉಪಚಾರಕ್ರಮದ ತಿಳಿವಳಿಕೆ, ಕೈಯ ದಕ್ಷತೆ, ತಾನು ಸೇವಿಸುವವನಲ್ಲಿ ಅನುರಾಗ, ಶೌಚ, ಇವೇ ಆ ನಾಲ್ಕು. ಇವುಗಳಲ್ಲಿ ಮೊದಲನೆಯದನ್ನು ಕಾಗದದ ಮೇಲೆ ಪರೀಕ್ಷಿಸಬಹುದು. ಎರಡನೆಯದು ವರ್ಷಗಟ್ಟಲೆ ಮಾಡಿದ ಹೊರತು ಬಾರದು. ಅನುರಾಗವನ್ನೂ ಶೌಚವನ್ನೂ ಅಳೆಯುವ ಬಗೆ ಹೇಗೆ? ಶೌಚವೆಂದರೆ ಕೈ ತೊಳೆದುಕೊಳ್ಳುವುದಷ್ಟೇ ಅಲ್ಲ, ಅಂತಃಕರಣದ ಶುದ್ಧಿಯೂ ಸೇರಿತೆಂದು ಇಟ್ಟುಕೊಂಡರೆ ಈ ಪ್ರಶ್ನೆಯು ಇನ್ನೂ ಕಠಿನವಾಗುವುದು. ಅಮೆರಿಕದ ಆಸ್ಪತ್ರೆಗಳು ಹೊಸ ದಾದಿಯರನ್ನು ಆರಿಸಿಕೊಳ್ಳುವಾಗ ಬಿಡಿಸಲು ಹೆಣಗುತ್ತಿರುವುದು ಈ ಒಗಟನ್ನೇ.

ಆ ದೇಶದಲ್ಲಿ ಶುಶ್ರೂಷೆಯ ಶಿಕ್ಷಣವು ಬೆಳೆದುಬಂದ ಬಗೆಯನ್ನು ಸ್ವಲ್ಪ ತಿಳಿಯದಿದ್ದರೆ ಮುಂದಿನ ಮಾತು ಸ್ಪಷ್ಟವಾಗದು. ಫ್ಲಾರೆನ್ಸ್ ನೈಟಿಂಗೇಲರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ೧೮೬೦ರಲ್ಲಿ ದಾದಿಯರ ಶಾಲೆಯನ್ನು ಸ್ಥಾಪಿಸಿದರು. ಅದರ ಮಾದರಿಯಲ್ಲಿ ೧೮೭೩ರಲ್ಲಿ ನ್ಯೂಯಾರ್ಕ್, ನ್ಯೂಹೇವನ್, ಬಾಸ್ಟನ್ ನಗರಗಳಲ್ಲಿ ಮೂರು ಶಾಲೆಗಳು ಹುಟ್ಟಿದುವು. ವಿದ್ಯಾರ್ಥಿನಿಯರು ಆಸ್ಪತ್ರೆಯಲ್ಲಿಯೇ ವಾಸಿಸುತ್ತ, ಹಗಲು ಇರುಳೆನ್ನದೆ ದುಡಿಯುತ್ತ, ದುಡಿಮೆಯ ನಡುವೆ ಸಿಕ್ಕಷ್ಟು ಪಾಠವನ್ನು ಕೇಳುತ್ತಿದ್ದರು. ಗುರುಕುಲದಲ್ಲಿ ಶಿಷ್ಯನು ಸಮಿತ್ತನ್ನು ಹೊತ್ತು, ಹಸುವನ್ನು ಕಾಯ್ದು, ಉಳಿದ ವೇಳೆಯಲ್ಲಿ ಓದಿದಂತೆ ಎನ್ನೋಣವೇ? ಹೋಲಿಕೆ ಪೂರ್ತಿ ಸಲ್ಲದು. ಗುರುಕುಲದ ಗುರುವು ಶಿಷ್ಯನ ದುಡಿಮೆಯನ್ನು ಮಾರುತ್ತಿರಲಿಲ್ಲ. ಕೂಲಿಯಿಲ್ಲದ ಕೈಗಳು ಸಿಕ್ಕವೆಂದು ಆಸ್ಪತ್ರೆಗಳು ಆ ಹುಡುಗಿಯರನ್ನು ಹಿಂಡಿದುವೆಂಬ ಆಕ್ಷೇಪಣೆಯು ನ್ಯಾಯವಾಗಿಯೇ ಎದ್ದಿತು. ೧೯೨೩ರ ಗೋಲ್ಡ್‌ಮಾರ್ಕ್ ವರದಿಯೂ ೧೯೪೮ರಲ್ಲಿ ಎಸ್ತರ್ ಲೂಸಿಲ್ ಬ್ರೌನರು ಬರೆದ ವರದಿಯೂ ಈ ಶಿಕ್ಷಣವು ವಿಶ್ವವಿದ್ಯಾನಿಲಯಗಳಿಗೆ ಸೇರತಕ್ಕದ್ದೆಂದು ವಾದಿಸಿದುವು. ಕಾಲಕ್ರಮದಲ್ಲಿ ಹಾಗೆಯೇ ಆಯಿತು.

ಲಾಭವಾಯಿತು, ನಷ್ಟವೂ ಆಯಿತು. ಹಳೆಯ ಶಾಲೆಯಿಂದ ಹೊರಬಂದವಳಿಗೆ ಶಾಸ್ತ್ರವು ಕಡಿಮೆಯಿದ್ದರೂ ವಾರ್ಡಿನ ಸಂಗತಿಯೆಲ್ಲ ಗೊತ್ತಿತ್ತು. ಕಾಲೇಜಿನಿಂದ ಬಂದವಳಿಗೆ ಶಾಸ್ತ್ರವು ಚೆನ್ನಾಗಿ ಗೊತ್ತು. ಐದು ಮಂಚಗಳಿಂದ ಏಕಕಾಲದಲ್ಲಿ ಐದು ಗಂಟೆಗಳು ಬಾರಿಸಿದಾಗ ಮೊದಲು ಯಾವ ಕಡೆಗೆ ಓಡಬೇಕೆಂಬುದು ಗೊತ್ತಿಲ್ಲ. ಮಾರ್ಲೀನ್ ಕ್ರೇಮರ್ ಎಂಬ ವಿದುಷಿಯು ೧೯೭೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ದಿಗ್ಭ್ರಮೆಗೆ ‘ವಾಸ್ತವದ ಆಘಾತ’ವೆಂಬರ್ಥದ ಹೆಸರನ್ನಿಟ್ಟರು. ಪೆಟ್ರೀಶಿಯಾ ಬೆನ್ನರ್ ಅವರು ೧೯೮೪ರಲ್ಲಿ, ದಾದಿಯು ಅನನುಭವಿಯ ಹಂತದಿಂದ ಪ್ರವೀಣೆಯ ಹಂತಕ್ಕೆ ಐದು ಮೆಟ್ಟಿಲುಗಳನ್ನು ಹತ್ತುವಳೆಂದೂ ಮೇಲಿನ ಮೆಟ್ಟಿಲುಗಳಿಗೆ ಅನುಭವದ ಹೊರತು ಬೇರೆ ದಾರಿಯಿಲ್ಲವೆಂದೂ ತೋರಿಸಿದರು. ಇಷ್ಟಾದರೂ ಎಷ್ಟೋ ಆಸ್ಪತ್ರೆಗಳು ಹೊಸಬಳಿಗೆ ಕೆಲವು ವಾರ ದಾರಿ ತೋರಿಸಿ ಕೈಬಿಡುತ್ತಿದ್ದುವು. ೨೦೧೪ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೆ, ಹೊಸ ದಾದಿಯರಲ್ಲಿ ನೂರಕ್ಕೆ ಹದಿನೇಳೂವರೆ ಮಂದಿ ತಮ್ಮ ಮೊದಲನೆಯ ಕೆಲಸವನ್ನು ಒಂದು ವರ್ಷ ತುಂಬುವುದರೊಳಗಾಗಿಯೇ ಬಿಟ್ಟುಹೋಗುತ್ತಿದ್ದರು.

ಈ ಕಂದಕಕ್ಕೆ ಹಾಕಿದ ಸೇತುವೆಗೆ ‘ನರ್ಸ್ ರೆಸಿಡೆನ್ಸಿ’ ಎಂದು ಹೆಸರು. ರೆಸಿಡೆನ್ಸಿಯೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಹಿಂದಿನ ಕಾಲದ ಬ್ರಿಟಿಷ್ ರೆಸಿಡೆಂಟನ ಬಂಗಲೆ. ಅಥವಾ ಬೆಂಗಳೂರಿನಲ್ಲಿ ಆ ಹೆಸರಿನ ರಸ್ತೆ. ಇಲ್ಲಿ ಆ ಅರ್ಥವಿಲ್ಲ. ಹಳೆಯ ಕಚೇರಿಗಳಲ್ಲಿ ಉಮೇದುವಾರನು ಗುಮಾಸ್ತನ ಪಕ್ಕದಲ್ಲಿ ಕುಳಿತು ಕೆಲಸವನ್ನು ಕಲಿಯುತ್ತಿದ್ದನಷ್ಟೆ. ಅದೇ ಈ ರೆಸಿಡೆನ್ಸಿ. ಭೇದವೇನೆಂದರೆ ಆ ಉಮೇದುವಾರನಿಗೆ ಸಂಬಳವಿರಲಿಲ್ಲ, ಈ ದಾದಿಗೆ ಪೂರ್ಣ ಸಂಬಳವುಂಟು. ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘವೂ ವಿಶ್ವವಿದ್ಯಾನಿಲಯಗಳ ಆಸ್ಪತ್ರೆಗಳ ಒಕ್ಕೂಟವೂ ಕೂಡಿ ೨೦೦೨ರಲ್ಲಿ ಒಂದು ವರ್ಷದ ಕ್ರಮವನ್ನು ಆರಂಭಿಸಿದುವು. ೨೦೧೦ರಲ್ಲಿ ಹೊರಬಂದ ಶುಶ್ರೂಷೆಯ ಭವಿಷ್ಯವನ್ನು ಕುರಿತ ರಾಷ್ಟ್ರೀಯ ವರದಿಯು ಇಂಥ ಕ್ರಮವು ಎಲ್ಲೆಡೆಯಲ್ಲಿಯೂ ಇರತಕ್ಕದ್ದೆಂದು ಶಿಫಾರಸು ಮಾಡಿತು. ಮೊದಲ ಕೆಲವು ತಿಂಗಳು ‘ಪ್ರಿಸೆಪ್ಟರ್’ ಎನ್ನಿಸಿಕೊಳ್ಳುವ ನುರಿತ ದಾದಿಯೊಬ್ಬಳ ಜೊತೆಯಲ್ಲಿಯೇ ಪಾಳಿ ಮಾಡುವುದು, ಅನಂತರ ಸ್ವತಂತ್ರವಾಗಿ ರೋಗಿಗಳನ್ನು ವಹಿಸಿಕೊಂಡರೂ ನಿಯಮಿತವಾಗಿ ಜೊತೆಯ ಹೊಸಬರೊಂದಿಗೆ ಕೂಡಿ ತಮ್ಮ ತಮ್ಮ ಸಂಕಟಗಳನ್ನು ಹೇಳಿಕೊಂಡು ಪಾಠ ಕೇಳುವುದು, ಇದು ಅದರ ಸ್ಥೂಲರೂಪ. ವಿವಾಹಮಂಟಪದ ಮುದಿ ಪುರೋಹಿತನ ಕೆಮ್ಮನ್ನು ಸಂಬಳ ಕೊಟ್ಟು ನೇಮಿಸಿಕೊಂಡಂತೆ ಇದೆಂದರೆ ತಪ್ಪಾಗದು.

ಆದರೆ ಇದು ಕಾನೂನಿನಿಂದ ಬಂದ ಹಕ್ಕಲ್ಲ. ಲೈಸೆನ್ಸು ಪಡೆದವಳು ರೆಸಿಡೆನ್ಸಿಯಿಲ್ಲದೆಯೂ ದಾದಿಯಾಗಬಹುದು. ಯಾರಾದರೂ ಕೆಲಸ ಕೊಟ್ಟರೆ! ಹೆಸರಾಂತ ಆಸ್ಪತ್ರೆಗಳಲ್ಲಿ ಹೊಸಬರಿಗೆ ಬಾಗಿಲೆಂದರೆ ಇದೊಂದೇ. ಉಳಿದ ಕೆಲಸಗಳಿಗೆಲ್ಲ ಒಂದೆರಡು ವರ್ಷದ ಅನುಭವವನ್ನು ಕೇಳುತ್ತಾರೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾಕ್ರಮೆಂಟೊ ನಗರದ ತರುಣಿಯೊಬ್ಬಳು ಈ ಬಾಗಿಲನ್ನು ತಟ್ಟಿದ ಕಥೆಯನ್ನು ಕೇಳಿದರೆ ವಾಚಕರಿಗೆ ವಿಷಯವು ಮನದಟ್ಟಾದೀತು. ಹೆಸರು ಬೇಡ, ಅವಳ ಸ್ಥಿತಿಯಲ್ಲಿರುವವರು ಅಲ್ಲಿ ಎಷ್ಟೋ ಮಂದಿ. ತಂದೆಯಿಲ್ಲ. ತಾಯಿಯು ಇಪ್ಪತ್ತು ವರ್ಷಗಳಿಂದ ವೃದ್ಧರ ಆರೈಕೆಯ ಗೃಹವೊಂದರಲ್ಲಿ ದಾದಿಯರ ಕೈಕೆಳಗಿನ ಸಹಾಯಕಿಯಾಗಿ ರಾತ್ರಿಯ ಪಾಳಿಯಲ್ಲಿ ದುಡಿಯುತ್ತಿದ್ದಳು: ಮುದುಕರ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಮಲಮೂತ್ರಗಳನ್ನು ತೆಗೆಯುವುದು, ಇಂಥ ಕೆಲಸ. ಮಗಳು ಸಾಲ ಮಾಡಿ ನಾಲ್ಕು ವರ್ಷ ಓದಿ, ೨೦೨೩ರ ಮೇ ತಿಂಗಳಲ್ಲಿ ಪದವೀಧರೆಯಾದಳು. ಜುಲೈಯಲ್ಲಿ ‘ಎನ್‌ಕ್ಲೆಕ್ಸ್’ ಎಂಬ ಲೈಸೆನ್ಸಿನ ಪರೀಕ್ಷೆಗೆ ಕುಳಿತಳು. ಇದೊಂದು ವಿಚಿತ್ರ ಪರೀಕ್ಷೆ. ಪ್ರಶ್ನೆ ಕೇಳುವುದು ಗಣಕಯಂತ್ರ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆಯನ್ನು ಕಠಿನಗೊಳಿಸುವುದು, ತಪ್ಪಾದರೆ ಸುಲಭಗೊಳಿಸುವುದು; ಹೀಗೆ ಅಭ್ಯರ್ಥಿಯ ಆಳವನ್ನು ಅಳೆಯುತ್ತ ೮೫ಕ್ಕೆ ಕಡಿಮೆಯಿಲ್ಲದಂತೆ ೧೫೦ಕ್ಕೆ ಮೀರದಂತೆ ಪ್ರಶ್ನೆಗಳನ್ನು ಹಾಕಿ, ತನಗೆ ನಿಶ್ಚಯವಾದ ಕ್ಷಣದಲ್ಲಿ ಥಟ್ಟನೆ ನಿಂತುಬಿಡುವುದು. ಯಂತ್ರವು ನಿಂತಾಗ ಗೆದ್ದೆನೋ ಸೋತೆನೋ ತಿಳಿಯದೆ ಹುಡುಗಿಯರು ಹೊರಗೆ ಬಂದು ಅಳುವುದುಂಟು. ಇವಳೂ ಅತ್ತಳು, ತೇರ್ಗಡೆಯಾಗಿದ್ದಳು.

ಅಲ್ಲಿಂದ ಅರ್ಜಿಗಳ ಪರ್ವವು ಆರಂಭವಾಯಿತು. ರೆಸಿಡೆನ್ಸಿಗೆ ವರ್ಷಕ್ಕೆ ಎರಡು ಮೂರು ತಂಡಗಳನ್ನು ಮಾತ್ರ ತೆಗೆದುಕೊಳ್ಳುವುದು ವಾಡಿಕೆ. ಅರ್ಜಿಯ ಬಾಗಿಲು ಕೆಲವು ದಿನಗಳ ಮಟ್ಟಿಗೆ ತೆರೆದು ಮುಚ್ಚಿಕೊಳ್ಳುವುದು. ಕೆಲವೆಡೆ ಇಂತಿಷ್ಟು ಅರ್ಜಿಗಳು ಬಂದೊಡನೆಯೇ ಮುಚ್ಚುವುದು. ಅಂಕಪಟ್ಟಿ, ಲೈಸೆನ್ಸಿನ ಸಂಖ್ಯೆ, ಹೃದಯಸ್ತಂಭನವಾದಾಗ ಮಾಡತಕ್ಕ ಪ್ರಥಮೋಪಚಾರದ ಪ್ರಮಾಣಪತ್ರ, ವಿದ್ಯಾರ್ಥಿದೆಸೆಯಲ್ಲಿ ಯಾವ ಯಾವ ವಾರ್ಡಿನಲ್ಲಿ ಎಷ್ಟೆಷ್ಟು ಗಂಟೆ ಕೆಲಸ ಮಾಡಿದಳೆಂಬ ಲೆಕ್ಕ, ಅಧ್ಯಾಪಿಕೆಯರ ಶಿಫಾರಸು ಪತ್ರಗಳು, ‘ಈ ಆಸ್ಪತ್ರೆಯೇ ಏಕೆ? ಈ ವಾರ್ಡೇ ಏಕೆ?’ ಎಂಬುದಕ್ಕೆ ಒಂದು ಪ್ರಬಂಧ, ಇಷ್ಟನ್ನು ಪ್ರತಿಯೊಂದು ಸ್ಥಳಕ್ಕೂ ಬೇರೆ ಬೇರೆಯಾಗಿ ಸಿದ್ಧಪಡಿಸಬೇಕು. ಇಪ್ಪತ್ತು ಆಸ್ಪತ್ರೆಗಳಿಗೆ ಒಂದೇ ಪ್ರಬಂಧವನ್ನು ಹೆಸರು ಮಾತ್ರ ಬದಲಾಯಿಸಿ ಕಳುಹಿಸಿದ ಅವಳ ಗೆಳತಿಯೊಬ್ಬಳು ಆತುರದಲ್ಲಿ ಹೆಸರನ್ನೂ ಬದಲಾಯಿಸಲು ಮರೆತಳಂತೆ. ಎಲ್ಲಕ್ಕಿಂತ ಕ್ರೂರವಾದ ನಿಬಂಧನೆ ಇನ್ನೊಂದು: ಪದವಿ ಪಡೆದು ಒಂದು ವರ್ಷ ಮೀರಿದವರನ್ನು ಹಲವು ಕಡೆ ‘ಹೊಸ ಪದವೀಧರೆ’ಯೆಂದು ಎಣಿಸುವುದೇ ಇಲ್ಲ. ಕೆಲಸ ಮಾಡದೆಯೇ ಅವಳು ಹಳಬಳಾಗುವಳು. ಹಬ್ಬ ಕಳೆದ ಹೂವಿಗೂ ಅವಳಿಗೂ ವ್ಯತ್ಯಾಸವಿಲ್ಲ.

ಜನವರಿಯ ಹೊತ್ತಿಗೆ ಅವಳು ಮೂವತ್ತೊಂದು ಅರ್ಜಿಗಳನ್ನು ಕಳುಹಿಸಿದ್ದಳು. ‘ವಿಷಾದದಿಂದ ತಿಳಿಸುತ್ತೇವೆ’ ಎಂದು ಕೆಲವರು ಬರೆದರು. ಹಲವರು ಬರೆಯಲೇ ಇಲ್ಲ. ಸಂದರ್ಶನಕ್ಕೆ ಕರೆ ಬಂದುದು ಮೂರು ಕಡೆಯಿಂದ.

ಮೊದಲನೆಯದು ದೊಡ್ಡ ಹೆಸರಿನ ಆಸ್ಪತ್ರೆ. ಅಲ್ಲಿ ಸಂದರ್ಶನವೆಂದರೆ ದರ್ಶನವೇ ಇಲ್ಲ! ತನ್ನ ಕೋಣೆಯಲ್ಲಿಯೇ ಗಣಕಯಂತ್ರದ ಮುಂದೆ ಕುಳಿತಿರಬೇಕು. ತೆರೆಯ ಮೇಲೆ ಪ್ರಶ್ನೆ ಮೂಡುವುದು. ಮೂವತ್ತು ಸೆಕೆಂಡು ಆಲೋಚನೆಗೆ, ಎರಡು ನಿಮಿಷ ಉತ್ತರಕ್ಕೆ. ಯಂತ್ರವು ಅವಳ ಮುಖವನ್ನೂ ಮಾತನ್ನೂ ಹಿಡಿದಿಟ್ಟುಕೊಳ್ಳುವುದು. ಯಾರೋ ಎಂದೋ ನೋಡುವರು. ತಲೆಯಾಡಿಸುವವರಿಲ್ಲ, ಹುಬ್ಬು ಗಂಟಿಕ್ಕುವವರೂ ಇಲ್ಲ. ತನ್ನ ಮುಖವನ್ನೇ ತೆರೆಯ ಮೂಲೆಯಲ್ಲಿ ನೋಡುತ್ತ ರೋಗಿಯ ಮೇಲಿನ ಕನಿಕರವನ್ನು ಕುರಿತು ಮಾತನಾಡುವುದು ಎಷ್ಟು ಕಷ್ಟವೆಂಬುದು ಮಾಡಿದವರಿಗೇ ಗೊತ್ತು. ಎರಡು ವಾರದ ಮೇಲೆ ನಿರಾಕರಣೆಯ ಪತ್ರ ಬಂದಿತು.

ಎರಡನೆಯ ಕಡೆ ಮೂವರು ಮನುಷ್ಯರಿದ್ದರು. ದೂರದಿಂದಲೇ, ತೆರೆಯ ಮೂಲಕ. ಅಲ್ಲಿಯ ಪ್ರಶ್ನೆಗಳ ಕ್ರಮವನ್ನು ಸ್ವಲ್ಪ ವಿವರಿಸಬೇಕು. ‘ಸಕ್ಕರೆಯ ಕಾಯಿಲೆಯ ಲಕ್ಷಣವೇನು?’ ಎಂದು ಅವರು ಕೇಳುವುದಿಲ್ಲ. ಅದನ್ನು ಪರೀಕ್ಷೆಯ ಯಂತ್ರವು ಕೇಳಿ ಮುಗಿಸಿದೆ. ‘ನಿಮಗೂ ಜೊತೆಯವರಿಗೂ ಮನಸ್ತಾಪವಾದ ಒಂದು ಸಂದರ್ಭವನ್ನು ಹೇಳಿರಿ. ರೋಗಿಯ ಪರವಾಗಿ ನೀವು ಎದ್ದು ಮಾತನಾಡಿದ ಒಂದು ಸಂದರ್ಭವನ್ನು ಹೇಳಿರಿ. ನೀವು ತಪ್ಪು ಮಾಡಿದ ಒಂದು ಸಂದರ್ಭವನ್ನು ಹೇಳಿರಿ.’ ಹಿಂದೆ ನಡೆದುಕೊಂಡಂತೆಯೇ ಮನುಷ್ಯನು ಮುಂದೆಯೂ ನಡೆದುಕೊಳ್ಳುವನೆಂಬುದು ಇದರ ಹಿಂದಿರುವ ತರ್ಕ. ಉತ್ತರಿಸುವುದಕ್ಕೂ ಒಂದು ವಿಧಿಯನ್ನು ಕಲಿಸಿರುತ್ತಾರೆ: ಮೊದಲು ಸಂದರ್ಭ, ಆಮೇಲೆ ಅಲ್ಲಿ ತನ್ನ ಕರ್ತವ್ಯ, ಆಮೇಲೆ ಮಾಡಿದ ಕಾರ್ಯ, ಕೊನೆಗೆ ಫಲ. ನ್ಯಾಯಶಾಸ್ತ್ರದ ಪಂಚಾವಯವ ವಾಕ್ಯವನ್ನು ಉರುಹೊಡೆದವರಿಗೆ ಇದರಲ್ಲಿ ಹೊಸತೇನೂ ಕಾಣದು. ಒಂದು ಅವಯವ ಕಡಿಮೆಯೆಂಬುದಷ್ಟೇ. ಇದಲ್ಲದೆ ಇನ್ನೊಂದು ಬಗೆಯ ಪ್ರಶ್ನೆಯುಂಟು. ನಾಲ್ವರು ರೋಗಿಗಳಿದ್ದಾರೆ: ಶಸ್ತ್ರಚಿಕಿತ್ಸೆಯ ನೋವಿಗೆ ಔಷಧವನ್ನು ಬೇಡುತ್ತಿರುವವನೊಬ್ಬ, ಮನೆಗೆ ಕಳುಹಿಸಿರೆಂದು ಸಿಟ್ಟಾಗಿರುವವನೊಬ್ಬ, ಬೆಳಗಿನ ಮಾತ್ರೆಗೆ ಕಾದಿರುವವಳೊಬ್ಬಳು, ನಿನ್ನೆಯವರೆಗೆ ಚೆನ್ನಾಗಿ ಮಾತನಾಡುತ್ತಿದ್ದು ಈ ಬೆಳಿಗ್ಗೆ ತಾನೆಲ್ಲಿರುವೆನೆಂಬುದನ್ನೇ ಮರೆತಿರುವ, ಯಾರನ್ನೂ ಕೂಗದ ಮುದುಕನೊಬ್ಬ. ಮೊದಲು ಯಾರ ಬಳಿಗೆ ಹೋಗುವಿರಿ? ಕೂಗದ ಮುದುಕನ ಬಳಿಗೆ ಎಂಬುದು ಸರಿಯಾದ ಉತ್ತರ. ಅವಳು ಸರಿಯಾಗಿಯೇ ಹೇಳಿದಳು.

ಎಡವಿದ್ದು ತಪ್ಪಿನ ಪ್ರಶ್ನೆಯಲ್ಲಿ. ಅದಕ್ಕೆ ಅವಳು ಗೆಳತಿಯರೊಂದಿಗೆ ಕೂಡಿ ಸಿದ್ಧಪಡಿಸಿಕೊಂಡಿದ್ದ ಉತ್ತರವೆಂದರೆ, ಒಂದು ದಿನ ರೋಗಿಯ ಹೊದಿಕೆಯನ್ನು ಬದಲಾಯಿಸಲು ತಡವಾಯಿತೆಂಬುದು. ನಡೆದ ಸಂಗತಿಯೇ, ಸುಳ್ಳಲ್ಲ. ಆದರೆ ಅದು ತಪ್ಪೂ ಅಲ್ಲ. ಕೇಳಿದವರು ಮುಗುಳ್ನಕ್ಕು ಬರೆದುಕೊಂಡರು. ಅಲ್ಲಿಂದಲೂ ‘ವಿಷಾದ’ವೇ ಬಂದಿತು.

ನಿಜವಾದ ತಪ್ಪೊಂದು ಅವಳ ಬಳಿಯಿತ್ತು. ವ್ಯಾಸಂಗದ ಕೊನೆಯ ಅವಧಿಯಲ್ಲಿ ಒಬ್ಬ ದಾದಿಯ ಕೈಕೆಳಗೆ ಅವಳು ಕೆಲಸ ಮಾಡುತ್ತಿದ್ದಳು. ಎಂಬತ್ತು ದಾಟಿದ ವೃದ್ಧೆಯೊಬ್ಬಳಿಗೆ ಒಂಬತ್ತು ಗಂಟೆಗೆ ರಕ್ತದ ಒತ್ತಡವನ್ನು ತಗ್ಗಿಸುವ ಮಾತ್ರೆ ಕೊಡಬೇಕಾಗಿತ್ತು. ಮೇಲಿನ ಒತ್ತಡವು ೧೦೦ಕ್ಕಿಂತ ಕಡಿಮೆಯಿದ್ದರೆ ಕೊಡಕೂಡದೆಂದು ವೈದ್ಯರ ಆಜ್ಞೆ. “ಒತ್ತಡ ನೋಡಿದೆಯಾ?” ಎಂದು ದಾದಿಯು ಕೇಳಿದಳು. “ನೋಡಿದೆ” ಎಂದಳು ಹುಡುಗಿ. ನೋಡಿದ್ದು ನಿಜ, ದಾಖಲೆಯಲ್ಲಿ ನೋಡಿದ್ದಳು. ಬೆಳಗಿನ ಜಾವ ನಾಲ್ಕು ಗಂಟೆಗೆ ರಾತ್ರಿಯ ಪಾಳಿಯವರು ೧೧೮ ಎಂದು ಬರೆದಿದ್ದರು. ಹಾಸಿಗೆಯಲ್ಲಿ ಮಲಗಿದ್ದ ವೃದ್ಧೆಯ ತೋಳಿಗೆ ಪಟ್ಟಿಯನ್ನು ಸುತ್ತಿ ಅವಳು ನೋಡಿರಲಿಲ್ಲ. ಮಾತ್ರೆಯನ್ನು ಕೊಟ್ಟಳು. ಹತ್ತು ಗಂಟೆಗೆ ಎದ್ದುನಿಂತ ವೃದ್ಧೆಯು ತೂರಾಡಿದಳು. ಪಕ್ಕದಲ್ಲಿದ್ದ ಸಹಾಯಕಿಯು ಹಿಡಿದುಕೊಂಡುದರಿಂದ ನೆಲಕ್ಕೆ ಬೀಳಲಿಲ್ಲ. ಆಗ ಅಳೆದರೆ ೮೪. ವಯಸ್ಸಿನ ದೋಷ, ನೀರು ಕುಡಿದಿರಲಿಲ್ಲ, ಎಂದು ಎಲ್ಲರೂ ಅಂದುಕೊಂಡು ಬಿಟ್ಟಿದ್ದರು. ಹುಡುಗಿಯು ಔಷಧದ ಕೋಣೆಗೆ ಹೋಗಿ ಒಂದು ನಿಮಿಷ ಗೋಡೆಯನ್ನು ಹಿಡಿದು ನಿಂತು, ಹಿಂದಿರುಗಿ ಬಂದು, ‘ಮಾತ್ರೆ ಕೊಡುವುದಕ್ಕೆ ಮುಂಚೆ ನಾನು ಅಳೆಯಲಿಲ್ಲ’ ಎಂದು ದಾದಿಗೆ ಹೇಳಿದಳು. ವೈದ್ಯರಿಗೆ ತಿಳಿಸಿದರು, ವರದಿ ಬರೆದರು, ಮಧ್ಯಾಹ್ನದ ಹೊತ್ತಿಗೆ ವೃದ್ಧೆಯು ಸ್ವಸ್ಥಳಾದಳು.

ಇದನ್ನು ಸಂದರ್ಶನದಲ್ಲಿ ಹೇಳಬೇಡವೆಂದು ಗೆಳತಿಯರೆಲ್ಲ ಒಂದೇ ಬಾಯಿಂದ ಬುದ್ಧಿ ಹೇಳಿದ್ದರು. ಅವರ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ಟೆನ್ನೆಸ್ಸಿ ಸಂಸ್ಥಾನದಲ್ಲಿ ದಾದಿಯೊಬ್ಬಳು ೨೦೧೭ರಲ್ಲಿ ಒಂದು ಔಷಧದ ಬದಲು ಇನ್ನೊಂದನ್ನು ಕೊಟ್ಟು ರೋಗಿಯ ಮರಣಕ್ಕೆ ಕಾರಣಳಾಗಿದ್ದಳು. ತಪ್ಪನ್ನು ಅವಳು ಮುಚ್ಚಿಡದೆ ಒಪ್ಪಿಕೊಂಡಿದ್ದಳು. ಆದರೂ ೨೦೨೨ರ ಮಾರ್ಚಿಯಲ್ಲಿ ನ್ಯಾಯಾಲಯವು ಅವಳನ್ನು ಅಪರಾಧಿಯೆಂದು ತೀರ್ಮಾನಿಸಿತು. ಸೆರೆಮನೆಗೆ ಕಳುಹಿಸದೆ ಮೂರು ವರ್ಷ ನಿಗಾದಲ್ಲಿರಿಸುವ ಶಿಕ್ಷೆಯಾಯಿತೆಂಬುದು ನಿಜ. ಆದರೆ ದೇಶದ ದಾದಿಯರೆಲ್ಲ ಬೆದರಿದರು. ನಿಜ ಹೇಳಿದರೆ ಹೀಗಾಗುವುದಾದರೆ ಇನ್ನು ಹೇಳುವವರಾರು? ಒಂದು ಜೀವ ಹೋದ ಸಂಗತಿಯನ್ನು ಹಗುರವಾಗಿ ಎಣಿಸುವಂತಿಲ್ಲ. ಸತ್ತವಳ ಮನೆಯವರ ದುಃಖಕ್ಕೂ ನ್ಯಾಯ ಬೇಕು. ಆದರೂ ಆಸ್ಪತ್ರೆಗಳಲ್ಲಿ ನಡೆಯುವ ತಪ್ಪುಗಳಿಂದ ಅಮೆರಿಕದಲ್ಲಿ ವರ್ಷಕ್ಕೆ ೪೪,೦೦೦ದಿಂದ ೯೮,೦೦೦ ಮಂದಿ ಸಾಯುತ್ತಿರಬಹುದೆಂದು ೧೯೯೯ರಲ್ಲಿಯೇ ವೈದ್ಯವಿದ್ವಾಂಸರ ಸಮಿತಿಯು ಅಂದಾಜು ಮಾಡಿ, ತಪ್ಪನ್ನು ಮುಚ್ಚಿಡುವ ಅಭ್ಯಾಸವೇ ತಪ್ಪನ್ನು ಬೆಳೆಸುವುದೆಂದು ಎಚ್ಚರಿಸಿದ್ದಿತು. ತಪ್ಪಿನ ಪ್ರಶ್ನೆಯು ಸಂದರ್ಶನಕ್ಕೆ ಬಂದುದರ ಮೂಲ ಇಲ್ಲಿದೆ. ಕೇಳುವವರಿಗೆ ಬೇಕಾದುದು ನಿಜ. ಹೇಳುವವಳಿಗೆ ಇರುವುದು ಭಯ. ನಡುವೆ ಹೊದಿಕೆಯ ಕಥೆಗಳು ಹುಟ್ಟುತ್ತವೆ.

ಮೂರನೆಯ ಕರೆಯು ಫೆಬ್ರವರಿ ತಿಂಗಳಲ್ಲಿ ಬಂದಿತು. ಸ್ಯಾಕ್ರಮೆಂಟೊವಿನಿಂದ ದಕ್ಷಿಣಕ್ಕೆ ಎರಡು ಗಂಟೆಗಳ ಮೋಟಾರು ಪ್ರಯಾಣ. ಬಾದಾಮಿಯ ತೋಟಗಳ ನಡುವಣ ಊರು. ಹೆಸರು ಮಾಡಿದ ಆಸ್ಪತ್ರೆಯೇನೂ ಅಲ್ಲ. ತಪ್ಪಿದರೆ ಮೇ ತಿಂಗಳು ಬಂದೇಬಿಡುವುದು. ಹಿಂದಿನ ದಿನ ಸಂಜೆ, ತಾಯಿಯು ಪಾಳಿಗೆ ಹೊರಡುವ ಮುಂಚೆ ಅಡಿಗೆಮನೆಯಲ್ಲಿ ಊಟ ಮಾಡುತ್ತಿದ್ದಾಗ, ಮಗಳು ತನ್ನ ಉತ್ತರಗಳನ್ನೆಲ್ಲ ಒಪ್ಪಿಸಿದಳು. ತಾಯಿಯು ಕೊನೆಯವರೆಗೂ ಕೇಳಿ, ತಟ್ಟೆಯನ್ನು ತೊಳೆದಿಟ್ಟು, ಕೈ ಒರೆಸಿಕೊಳ್ಳುತ್ತ ಹೇಳಿದಳು:

“ಎಲ್ಲ ಚೆನ್ನಾಗಿದೆ, ಮಗಳೇ. ಸುಳ್ಳು ಒಂದೂ ಇಲ್ಲ. ಆದರೆ ಕೇಳಿದವರಿಗೆ, ಇವಳ ಕೈಯಿಂದ ಏನೂ ತಪ್ಪಾಗುವುದಿಲ್ಲವೆಂದು ತೋರುತ್ತದೆ. ಅಂಥವರ ಕೈಯಲ್ಲಿ ನನ್ನ ಮುದುಕಿಯರನ್ನು ಬಿಟ್ಟು ನಾನು ಮನೆಗೆ ಬರಲಾರೆ.”

“ಹಾಗಾದರೆ ಮಾತ್ರೆಯ ವಿಷಯ ಹೇಳಲೇ, ಅಮ್ಮ? ಕೆಲಸ ಕೊಡದಿದ್ದರೆ?”

“ಅವರು ಕೊಡದಿದ್ದರೆ ನಿನಗೆ ಕೆಲಸವಿಲ್ಲ. ನೀನು ಹೇಳದೆ ಅವರು ಕೊಟ್ಟರೆ, ಮುಂದಿನ ಸಲ ತಪ್ಪಿದಾಗ ಯಾರ ಹತ್ತಿರ ಹೋಗುತ್ತೀಯೆ?”

ತಾಯಿಯು ಇಷ್ಟು ಹೇಳಿ ಪಾಳಿಗೆ ಹೊರಟುಹೋದಳು. ಶಾಸ್ತ್ರವನ್ನು ಓದಿದವಳಲ್ಲ; ಇಪ್ಪತ್ತು ವರ್ಷ ಹೊಸ ದಾದಿಯರು ಬರುವುದನ್ನೂ ಹೋಗುವುದನ್ನೂ ಕೆಳಗಿನಿಂದ ನೋಡಿದ್ದಳು.

ಮರುದಿನ ತೋಟಗಳೆಲ್ಲ ಬಿಳಿಯ ಹೂ ಬಿಟ್ಟು ನಿಂತಿದ್ದುವು. ಮೇಜಿನ ಆಚೆಗೆ ನಾಲ್ವರು: ವಾರ್ಡಿನ ಮೇಲ್ವಿಚಾರಕಿ, ರೆಸಿಡೆನ್ಸಿಯ ಶಿಕ್ಷಕಿ, ದಿನದ ಪಾಳಿಯ ದಾದಿಯೊಬ್ಬಳು, ರಾತ್ರಿಯ ಪಾಳಿಯನ್ನು ಮುಗಿಸಿ ಮನೆಗೆ ಹೋಗದೆ ಕುಳಿತಿದ್ದ ಹಿರಿಯ ದಾದಿಯೊಬ್ಬಳು. ಈಕೆಯ ಕಣ್ಣು ಎರಡು ಸಲ ಮುಚ್ಚಿಕೊಂಡಿತು. ಪ್ರಶ್ನೆಗಳು ಅವವೇ. ತಪ್ಪಿನ ಪ್ರಶ್ನೆ ಬಂದಾಗ ಹುಡುಗಿಯು ಸಂದರ್ಭ, ಕರ್ತವ್ಯ, ಕಾರ್ಯ, ಫಲಗಳ ವಿಧಿಯನ್ನು ಮರೆತು, ನಡುವಿನಿಂದ ಆರಂಭಿಸಿ, ಹಿಂದಕ್ಕೆ ಹೋಗಿ, ಮಾತ್ರೆಯ ಕಥೆಯನ್ನು ಹೇಳಿದಳು. “ಅವರು ನೋಡಿದೆಯಾ ಎಂದಾಗ ನಾನು ನೋಡಿದೆ ಎಂದೆ. ಕಾಗದವನ್ನು ನೋಡಿದ್ದೆ” ಎಂದಳು. ಹಿರಿಯ ದಾದಿಯ ಕಣ್ಣು ಆಗ ತೆರೆದಿತ್ತು.

ಮೇಲ್ವಿಚಾರಕಿಯು, “ಆಮೇಲೆ ಆ ರೋಗಿಯ ಬಳಿಗೆ ಹೋದಿರಾ?” ಎಂದು ಕೇಳಿದಳು.

“ಹೋದೆ. ದಾದಿಯೂ ಜೊತೆಗೆ ಬಂದರು. ನನ್ನಿಂದ ಹೀಗಾಯಿತೆಂದು ಹೇಳಿದೆ. ಆಕೆ ಬಹಳ ಹೊತ್ತು ಏನೂ ಅನ್ನಲಿಲ್ಲ. ಕಿಟಕಿಯ ಪರದೆಯನ್ನು ಸರಿಸು, ಬಿಸಿಲು ಕಣ್ಣಿಗೆ ಬೀಳುತ್ತದೆ, ಎಂದರು. ಸರಿಸಿದೆ.”

ಯಾರೂ ಮುಗುಳ್ನಗಲಿಲ್ಲ. ಕೊನೆಯಲ್ಲಿ ವಾಡಿಕೆಯಂತೆ, “ನೀವು ನಮ್ಮನ್ನು ಏನಾದರೂ ಕೇಳುವುದುಂಟೇ?” ಎಂದರು. ಈ ಅವಕಾಶವನ್ನು ಸಾಧಾರಣವಾಗಿ ಅಭ್ಯರ್ಥಿಗಳು ವಿನಯದ ಮಾತಿನಲ್ಲಿ ಕಳೆದುಬಿಡುವರು. ಆಸ್ಪತ್ರೆಯು ದಾದಿಯನ್ನು ಪರೀಕ್ಷಿಸುವಂತೆ ದಾದಿಯೂ ಆಸ್ಪತ್ರೆಯನ್ನು ಪರೀಕ್ಷಿಸಬೇಕು: ಪ್ರಿಸೆಪ್ಟರು ಎಷ್ಟು ವಾರ ಜೊತೆಗಿರುವಳು? ಒಬ್ಬಳೇ ಇರುವಳೋ, ಪಾಳಿಗೊಬ್ಬಳೋ? ಕಲಿಕೆ ಸಾಲದೆ ಹೋದರೆ ಅವಧಿಯನ್ನು ಬೆಳೆಸುವರೋ? ನಡುವೆ ಬಿಟ್ಟರೆ ಹಣ ಕಟ್ಟಬೇಕೋ? ಕೆಲವೆಡೆ ರೆಸಿಡೆನ್ಸಿಯೆಂಬುದು ಹೆಸರಿಗೆ ಮಾತ್ರ ಇದ್ದು, ಆರು ವಾರದಲ್ಲಿ ಹೊಸಬಳ ತಲೆಯ ಮೇಲೆ ಪೂರ್ಣ ಭಾರವನ್ನು ಹೊರಿಸಿ, ಎರಡು ವರ್ಷದ ಕರಾರಿನಿಂದ ಕಟ್ಟಿಹಾಕುವ ಪದ್ಧತಿಯೂ ಇದೆ. ಹುಡುಗಿಯು ಇವಾವುದನ್ನೂ ಕೇಳಲಿಲ್ಲ. “ಹೊಸಬಳೊಬ್ಬಳು ಇಲ್ಲಿ ತಪ್ಪು ಮಾಡಿದರೆ ಏನಾಗುತ್ತದೆ?” ಎಂದು ಕೇಳಿದಳು.

ಮೇಲ್ವಿಚಾರಕಿಯು ನಿಯಮಗಳನ್ನು ಹೇಳಲು ಆರಂಭಿಸುವಷ್ಟರಲ್ಲಿ ಹಿರಿಯ ದಾದಿಯು ತಾನು ಹೇಳುವೆನೆಂದಳು. ಸೇವೆಗೆ ಸೇರಿದ ಎರಡನೆಯ ತಿಂಗಳಲ್ಲಿ ಅವಳು ರಕ್ತನಾಳಕ್ಕೆ ಔಷಧವನ್ನು ಹನಿಸುವ ಯಂತ್ರದಲ್ಲಿ ದಶಾಂಶದ ಚುಕ್ಕೆಯನ್ನು ತಪ್ಪಾಗಿ ಒತ್ತಿದ್ದಳಂತೆ. ಪ್ರಿಸೆಪ್ಟರು ಬಾಗಿಲವರೆಗೆ ಹೋದವಳು ಏನೋ ಅನ್ನಿಸಿ ಹಿಂದಿರುಗಿ ಬಂದು ಯಂತ್ರವನ್ನು ನಿಲ್ಲಿಸಿದಳಂತೆ. “ಅವರು ಬೈಯಲಿಲ್ಲ. ಒತ್ತು, ಈಗ ನನ್ನೆದುರಿಗೆ ಇನ್ನೊಂದು ಸಲ ಒತ್ತು, ಎಂದರು. ಇಲ್ಲಿ ಆಗುವುದು ಅಷ್ಟೆ. ಮುಚ್ಚಿಟ್ಟರೆ ಬೇರೆ.”

ಹನ್ನೊಂದು ದಿನಗಳ ಮೇಲೆ ಪತ್ರವು ಬಂದಿತು. ಅವಳು ಬಯಸಿದ್ದ ತೀವ್ರ ನಿಗಾ ಘಟಕವಲ್ಲ. ಸಾಮಾನ್ಯ ರೋಗಿಗಳ ವಾರ್ಡು, ಅದೂ ರಾತ್ರಿಯ ಪಾಳಿ. ಅಂಥ ವಾರ್ಡಿನಲ್ಲಿ ಒಬ್ಬ ದಾದಿಗೆ ಐದಕ್ಕಿಂತ ಹೆಚ್ಚು ರೋಗಿಗಳನ್ನು ವಹಿಸಕೂಡದೆಂದು ಕ್ಯಾಲಿಫೋರ್ನಿಯಾದಲ್ಲಿ ಕಾನೂನಿರುವುದು ಹೊಸಬರ ಪುಣ್ಯ. ಎರಡು ವರ್ಷದ ಕರಾರು ಇಲ್ಲಿಯೂ ಇತ್ತು. ತಾಯಿ ಮಗಳು ಅದನ್ನು ಎರಡು ಸಲ ಓದಿ, ಅರ್ಥವಾಗದ ಒಂದು ಷರತ್ತನ್ನು ಪತ್ರ ಬರೆದು ಕೇಳಿ ತಿಳಿದುಕೊಂಡು, ಆಮೇಲೆ ರುಜು ಹಾಕಿದರು.

ಏಪ್ರಿಲ್ ತಿಂಗಳಲ್ಲಿ ಹನ್ನೊಂದು ಮಂದಿಯ ತಂಡದಲ್ಲಿ ಅವಳು ಕೆಲಸಕ್ಕೆ ಸೇರಿದಳು. ಪ್ರಿಸೆಪ್ಟರಾಗಿ ದೊರೆತವಳು ಸಂದರ್ಶನದಲ್ಲಿ ತೂಕಡಿಸುತ್ತಿದ್ದ ಆ ಹಿರಿಯ ದಾದಿಯೇ. ಎರಡನೆಯ ವಾರದ ಒಂದು ರಾತ್ರಿ, ಒಂಬತ್ತು ಗಂಟೆಯ ಮಾತ್ರೆಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಆಕೆ, “ಒತ್ತಡ ನೋಡಿದೆಯಾ?” ಎಂದಳು. ಎಂಟೂವರೆಗೆ ತಾನೇ ಅಳೆದು ಬರೆದಿದ್ದ ಅಂಕೆಯು ಹುಡುಗಿಯ ಬಾಯಲ್ಲಿಯೇ ಇತ್ತು. ಆದರೂ ಅವಳು ಮಾತ್ರೆಗಳನ್ನು ತಟ್ಟೆಯಲ್ಲಿಟ್ಟು, ಪಟ್ಟಿಯನ್ನು ತೆಗೆದುಕೊಂಡು, ರೋಗಿಯ ಕೋಣೆಯೊಳಕ್ಕೆ ಹೋದಳು. ೧೧೨ ಇತ್ತು. ಮಾತ್ರೆಯನ್ನು ಕೊಟ್ಟಳು.